ಓದುಗರ ಪ್ರಶ್ನೆ, ನಮ್ಮ ಉತ್ತರ: ಹುಲ್ಲು ಕತ್ತರಿಸುವ ಯಂತ್ರಕ್ಕೆ ಎಣ್ಣೆ ಬದಲಿಸುವುದು

ಪೆಟ್ರೋಲ್ ಎಂಜಿನ್ನಿನ ಲಾನ್ ಮೋವರ್ ಬಳಸುವ ಓದುಗರು ಬರೆದ ಪತ್ರಗಳಲ್ಲಿ ಎಂಜಿನ್ ಆಯಿಲ್ ಕುರಿತ ಪ್ರಶ್ನೆಗಳೇ ಹೆಚ್ಚಾಗಿರುವುದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಆ ವಿಷಯಕ್ಕೇ ಮೀಸಲಿಟ್ಟಿದ್ದೇನೆ. ಒಂದೇ ಅರ್ಥದ ಪತ್ರಗಳನ್ನು ಒಟ್ಟುಗೂಡಿಸಿ ಒಂದೊಂದೇ ಪ್ರಶ್ನೆಯಾಗಿ ಕೊಡಲಾಗಿದೆ.

ಪ್ರಶ್ನೆ: ನನ್ನಲ್ಲಿರುವ, ಕೈಯಿಂದ ತಳ್ಳುವ ಲಾನ್ ಮೋವರ್‌ಗೆ ಮೂರು ವರ್ಷವಾಯಿತು. ಎಣ್ಣೆ ಕಡಿಮೆಯಾದಾಗ ಮೇಲಿನಿಂದ ಸ್ವಲ್ಪ ಸುರಿದಿದ್ದೇನೆಯೇ ಹೊರತು ಒಮ್ಮೆಯೂ ಪೂರ್ತಿ ಬದಲಿಸಿಲ್ಲ. ಆದರೂ ಎಂಜಿನ್ ಇಂದಿಗೂ ಹಗ್ಗದ ಒಂದೇ ಎಳೆತಕ್ಕೆ ಚಾಲೂ ಆಗುತ್ತದೆ. ಕಾರು ಹತ್ತು ಸಾವಿರ ಕಿಲೋಮೀಟರ್ ಓಡುವವರೆಗೆ ಅದೇ ಎಣ್ಣೆ ಸಾಕಾಗುವಾಗ, ಇಷ್ಟು ಚಿಕ್ಕ ಯಂತ್ರಕ್ಕೆ 50 ಗಂಟೆಗೊಮ್ಮೆ ಬದಲಿಸಬೇಕೆಂದು ಕೈಪಿಡಿಯಲ್ಲಿ ಬರೆದಿರುವುದು ಎಣ್ಣೆ ಮಾರುವವರ ಲಾಭಕ್ಕಾಗಿಯೇ?

ಉತ್ತರ: ಅಲ್ಲ. ಈ ಸಂದೇಹ ಸಹಜವಾದದ್ದೇ, ಆದರೆ ಎರಡು ಎಂಜಿನ್ನುಗಳ ಒಳಗನ್ನು ಹೋಲಿಸಿ ನೋಡಿದರೆ ಅದು ನಿಲ್ಲುವುದಿಲ್ಲ. ಕಾರಿನ ಎಂಜಿನ್ನಿನಲ್ಲಿ ನಾಲ್ಕೈದು ಲೀಟರ್ ಎಣ್ಣೆ ಇರುತ್ತದೆ. ಅದನ್ನು ಒತ್ತಡದಿಂದ ಪ್ರತಿಯೊಂದು ಬೇರಿಂಗಿಗೂ ತಲುಪಿಸುವ ಪಂಪು ಇರುತ್ತದೆ. ಆ ದಾರಿಯಲ್ಲಿ ಕಸವನ್ನು ಹಿಡಿದಿಡುವ ಫಿಲ್ಟರ್ ಇರುತ್ತದೆ. ಒತ್ತಡ ಇಳಿದರೆ ಹತ್ತಿಕೊಳ್ಳುವ ಕೆಂಪು ದೀಪವೂ ಇರುತ್ತದೆ. ತಳ್ಳುವ ಲಾನ್ ಮೋವರುಗಳ ಬಹುಪಾಲು ಎಂಜಿನ್ನುಗಳಲ್ಲಿ ಇವುಗಳಲ್ಲಿ ಒಂದೂ ಇಲ್ಲ. ಸುಮಾರು 500ರಿಂದ 600 ಮಿಲಿಲೀಟರಿನಷ್ಟು ಎಣ್ಣೆ ಕ್ರ್ಯಾಂಕ್‌ಕೇಸಿನ, ಅಂದರೆ ಎಂಜಿನ್ನಿನ ಕೆಳಭಾಗದ ಪೆಟ್ಟಿಗೆಯ, ತಳದಲ್ಲಿ ನಿಂತಿರುತ್ತದೆ, ಅದರಲ್ಲಿ ಅರ್ಧ ಮುಳುಗಿ ತಿರುಗುವ ಚಿಕ್ಕ ಚಕ್ರವೊಂದು ಎಣ್ಣೆಯನ್ನು ಮೇಲಕ್ಕೆ ಎರಚುತ್ತದೆ, ಹಾಗೆ ಎರಚಿದ ಹನಿಗಳೂ ಮಂಜಿನಂತಹ ತುಂತುರೂ ಪಿಸ್ಟನ್, ಸಿಲಿಂಡರ್ ಗೋಡೆ, ಕನೆಕ್ಟಿಂಗ್ ರಾಡ್ ಮತ್ತು ಕ್ಯಾಮ್‌ಶಾಫ್ಟುಗಳನ್ನು ತೋಯಿಸುತ್ತವೆ. ಕೀಲೆಣ್ಣೆಯ ವ್ಯವಸ್ಥೆ ಎಂದರೆ ಇಷ್ಟೇ.

ಫಿಲ್ಟರ್ ಇಲ್ಲದಿರುವುದು ಇಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು. ಸವೆದ ಲೋಹದ ಕಣ, ಉರಿದ ಪೆಟ್ರೋಲಿನ ಮಸಿ, ಏರ್ ಫಿಲ್ಟರನ್ನು ದಾಟಿ ಒಳಗೆ ಬಂದ ನುಣುಪು ಧೂಳು, ಇವೆಲ್ಲವೂ ಆ ಅರ್ಧ ಲೀಟರ್ ಎಣ್ಣೆಯಲ್ಲಿಯೇ ಸುತ್ತುತ್ತಿರುತ್ತವೆ. ಅವುಗಳನ್ನು ಹೊರಗೆ ಹಾಕಲು ಎಣ್ಣೆಯನ್ನೇ ಹೊರಗೆ ತೆಗೆಯುವುದಲ್ಲದೆ ಬೇರೆ ದಾರಿ ಇಲ್ಲ. ಮೇಲಿನಿಂದ ಹೊಸ ಎಣ್ಣೆ ಸುರಿದಾಗ ಎಣ್ಣೆಯ ಮಟ್ಟ ತೋರಿಸುವ ಅಳತೆಕಡ್ಡಿಯ ಮೇಲಿನ ಗುರುತು ಸರಿಹೋಗುತ್ತದೆ, ತಳದ ಗಸಿ ಇದ್ದಲ್ಲಿಯೇ ಇರುತ್ತದೆ. ಜೊತೆಗೆ ಇವು ಗಾಳಿಯಿಂದ ತಣಿಯುವ ಎಂಜಿನ್ನುಗಳು. ಕಾರಿನಲ್ಲಿರುವ ರೇಡಿಯೇಟರಿನ ನೀರು ಇಲ್ಲಿಲ್ಲವಾದ್ದರಿಂದ ಒಳಗಿನ ಕಾವನ್ನು ಹೊರಗಿನ ಗೋಡೆಗೆ ಸಾಗಿಸುವ ಕೆಲಸದ ಒಂದು ಪಾಲು ಎಣ್ಣೆಯ ಮೇಲೆಯೇ ಬೀಳುತ್ತದೆ. ಬಿಸಿಯಲ್ಲಿ ಬೇಯುವ ಎಣ್ಣೆ ಬೇಗ ಕೆಡುತ್ತದೆ.

ಒಂದು ಲೆಕ್ಕವನ್ನು ನೋಡಿ. ಕಾರು ಗಂಟೆಗೆ ಸರಾಸರಿ 60 ಕಿಲೋಮೀಟರ್ ವೇಗದಲ್ಲಿ ಹತ್ತು ಸಾವಿರ ಕಿಲೋಮೀಟರ್ ಓಡಲು ಸುಮಾರು 167 ಗಂಟೆ ಹಿಡಿಯುತ್ತದೆ. ಅದರಲ್ಲಿ 4 ಲೀಟರ್ ಎಣ್ಣೆ ಇದ್ದರೆ, ಒಂದೊಂದು ಲೀಟರಿನ ಪಾಲಿಗೆ ಬರುವುದು ಸುಮಾರು 42 ಗಂಟೆ. ನಿಮ್ಮ ಯಂತ್ರದಲ್ಲಿ 550 ಮಿಲಿಲೀಟರ್ ಎಣ್ಣೆ 50 ಗಂಟೆ ದುಡಿದರೆ, ಲೀಟರಿನ ಲೆಕ್ಕದಲ್ಲಿ ಅದು ಸುಮಾರು 90 ಗಂಟೆಯಾಗುತ್ತದೆ. ಕಾರಿನ ಎಂಜಿನ್ ದೊಡ್ಡದು, ಅದು ಹುಟ್ಟಿಸುವ ಕೊಳೆಯೂ ಹೆಚ್ಚು ಎಂಬುದನ್ನು ಒಪ್ಪಿಕೊಂಡರೂ, ಕೈಪಿಡಿಯ 50 ಗಂಟೆ ದುಂದುಗಾರಿಕೆಯ ಸಂಖ್ಯೆಯಲ್ಲ ಎಂಬುದು ಇಷ್ಟರಿಂದಲೇ ತಿಳಿಯುತ್ತದೆ. ನಿಮಿಷಕ್ಕೆ 3000 ಸುತ್ತಿನಂತೆ ಆ 50 ಗಂಟೆಗಳಲ್ಲಿ ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟ್ 90 ಲಕ್ಷ ಬಾರಿ ತಿರುಗಿರುತ್ತದೆ.

ಹೊಸ ಎಂಜಿನ್ನಿನಲ್ಲಿ ಮೊದಲ ಬದಲಾವಣೆಯನ್ನು ಇನ್ನೂ ಬೇಗ, ಮೊದಲ 5 ಗಂಟೆಗಳ ಓಟದ ನಂತರ, ಮಾಡಬೇಕೆಂದು ಅನೇಕ ತಯಾರಕರು ಹೇಳುತ್ತಾರೆ. ಹೊಸ ಬಿಡಿಭಾಗಗಳು ಒಂದಕ್ಕೊಂದು ಉಜ್ಜಿಕೊಂಡು ಹೊಂದಿಕೊಳ್ಳುವಾಗ ಸವೆಯುವ ಲೋಹ ಆ ಮೊದಲ ಎಣ್ಣೆಯಲ್ಲಿ ಸೇರಿರುತ್ತದೆ. ನನ್ನ ಯಂತ್ರದ ಮೊದಲ ಎಣ್ಣೆಯನ್ನು ಬಿಳಿಯ ತಟ್ಟೆಗೆ ಸುರಿದು ಬಿಸಿಲಿಗೆ ಹಿಡಿದಾಗ ಬೆಳ್ಳಿಯ ಪುಡಿಯಂತೆ ಹೊಳೆದ ಕಣಗಳನ್ನು ಕಂಡ ದಿನದಿಂದ ನಾನು ಈ 5 ಗಂಟೆಯ ಮಾತನ್ನು ಎಂದೂ ಹಗುರವಾಗಿ ಎಣಿಸಿಲ್ಲ. ನೀವು ಆ ಎಣ್ಣೆಯನ್ನು ಮೂರು ವರ್ಷ ಒಳಗೇ ಇಟ್ಟಿದ್ದೀರಿ. ಎಂಜಿನ್ ಒಂದೇ ಎಳೆತಕ್ಕೆ ಚಾಲೂ ಆಗುವುದು ಸ್ಪಾರ್ಕ್ ಪ್ಲಗ್ಗೂ ಕಾರ್ಬ್ಯುರೇಟರೂ ಚೆನ್ನಾಗಿವೆ ಎಂಬುದಕ್ಕೆ ಸಾಕ್ಷಿಯೇ ಹೊರತು ಬೇರಿಂಗುಗಳು ಸವೆದಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಸವೆತ ಸದ್ದಿಲ್ಲದೆ ಸಾಗುತ್ತದೆ. ಅದು ಸದ್ದು ಮಾಡುವ ಹೊತ್ತಿಗೆ ಮಾಡಲು ಏನೂ ಉಳಿದಿರುವುದಿಲ್ಲ.

ಆದ್ದರಿಂದ ಮುಂದಿನ ಬಾರಿ ಹುಲ್ಲು ಕತ್ತರಿಸುವ ಮೊದಲೇ ಎಣ್ಣೆ ಬದಲಿಸಿ, ಐದಾರು ಗಂಟೆ ಓಡಿಸಿದ ಮೇಲೆ ಇನ್ನೊಮ್ಮೆ ಬದಲಿಸಿ. ಮೊದಲ ಹೊಸ ಎಣ್ಣೆ ಹಳೆಯ ಗಸಿಯನ್ನು ಕರಗಿಸಿ ಎತ್ತಿಕೊಳ್ಳುತ್ತದೆ, ಎರಡನೆಯ ಬಾರಿ ಅದು ಹೊರಗೆ ಹೋಗುತ್ತದೆ. ಒಳಗನ್ನು ಸೀಮೆಎಣ್ಣೆಯಿಂದಲೋ ಡೀಸೆಲ್‌ನಿಂದಲೋ ತೊಳೆಯುವ ರೂಢಿ ಕೆಲವರಲ್ಲಿದೆ. ದಯವಿಟ್ಟು ಹಾಗೆ ಮಾಡಬೇಡಿ. ಅವು ಪೂರ್ತಿ ಹೊರಬರದೆ ಒಳಗೆ ಉಳಿದು ಹೊಸ ಎಣ್ಣೆಯನ್ನು ತೆಳುವಾಗಿಸುತ್ತವೆ.

ಪ್ರಶ್ನೆ: ಎಣ್ಣೆ ಬದಲಿಸುವ ಕೆಲಸವನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದೇ? ಯಂತ್ರವನ್ನು ಯಾವ ಕಡೆಗೆ ಓರೆ ಮಾಡಬೇಕೆಂಬ ವಿಷಯದಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಉತ್ತರ: ಖಂಡಿತ ಮಾಡಿಕೊಳ್ಳಬಹುದು. ಅಭ್ಯಾಸವಾದ ಮೇಲೆ ಅರ್ಧ ಗಂಟೆಗಿಂತ ಹೆಚ್ಚು ಹಿಡಿಯುವುದಿಲ್ಲ. ಹಳೆಯ ಎಣ್ಣೆ ಹಿಡಿಯಲು ಅಗಲವಾದ ಟ್ರೇ, ಒಂದು ಆಲಿಕೆ, ಹಳೆಯ ಬಟ್ಟೆಯ ತುಂಡುಗಳು, ರಬ್ಬರ್ ಕೈಗವಸು ಮತ್ತು ಹೊಸ ಎಣ್ಣೆ, ಇಷ್ಟನ್ನು ಮೊದಲೇ ಕೈಗೆ ಸಿಗುವಂತೆ ಇಟ್ಟುಕೊಳ್ಳಿ.

ಪೆಟ್ರೋಲ್ ಟ್ಯಾಂಕ್ ತುಂಬಿರುವಾಗ ಈ ಕೆಲಸಕ್ಕೆ ಕೈಹಾಕಬೇಡಿ. ಓರೆ ಮಾಡಿದಾಗ ಟ್ಯಾಂಕಿನ ಮುಚ್ಚಳದಿಂದ ಪೆಟ್ರೋಲ್ ಸೋರುವುದು ನಿಶ್ಚಿತವಾದ್ದರಿಂದ, ಹುಲ್ಲು ಕತ್ತರಿಸುತ್ತಲೇ ಟ್ಯಾಂಕ್ ಖಾಲಿಯಾಗುವ ದಿನವನ್ನು ಎಣ್ಣೆ ಬದಲಿಸುವ ದಿನವನ್ನಾಗಿ ಆರಿಸಿಕೊಳ್ಳುವುದು ಒಳ್ಳೆಯದು. ಎಂಜಿನ್ ಆಗ ಬಿಸಿಯಾಗಿಯೂ ಇರುತ್ತದೆ. ಬೆಚ್ಚಗಿನ ಎಣ್ಣೆ ತೆಳುವಾಗಿ ಹರಿಯುತ್ತದೆ, ತಳದಲ್ಲಿ ಕೂರಬೇಕಾದ ಕಸವನ್ನು ತನ್ನೊಂದಿಗೆ ಹೊತ್ತು ತರುತ್ತದೆ. ತಣ್ಣಗಿನ ಎಣ್ಣೆ ಮಂದವಾಗಿ ಇಳಿದು ಕಸವನ್ನು ಹಿಂದೆ ಬಿಡುತ್ತದೆ. ಆದರೆ ಎಂಜಿನ್ ನಿಲ್ಲಿಸಿದ ಕೂಡಲೇ ಕೈ ಹಾಕಿದರೆ ಸೈಲೆನ್ಸರ್ ಸುಡುತ್ತದೆ, ಎಣ್ಣೆಯೂ ಸುಡುತ್ತದೆ. ಹದಿನೈದು ನಿಮಿಷ ಬಿಟ್ಟು, ಎಂಜಿನ್ ಬೆಚ್ಚಗೆ ಮಾತ್ರ ಇರುವಾಗ ಆರಂಭಿಸಿ. ಕೆಲಸ ನಡೆಯುವುದು ಬಯಲಿನಲ್ಲಿರಲಿ. ಮುಚ್ಚಿದ ಕೋಣೆಯಲ್ಲಿ ಎಂಜಿನ್ ಓಡಿಸಿದರೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಂಡು ಪ್ರಾಣಕ್ಕೇ ಕುತ್ತಾಗುತ್ತದೆ.

ಮುಂದಿನ ಹೆಜ್ಜೆಯನ್ನು ಯಾರೂ, ಎಷ್ಟೇ ಅನುಭವವಿದ್ದರೂ, ಬಿಡಬಾರದು. ಸ್ಪಾರ್ಕ್ ಪ್ಲಗ್ಗಿನ ತಲೆಯಿಂದ ರಬ್ಬರ್ ಟೋಪಿಯುಳ್ಳ ತಂತಿಯನ್ನು ಕಿತ್ತು, ಅದು ತಾನಾಗಿ ಮರಳಿ ಪ್ಲಗ್ಗನ್ನು ಮುಟ್ಟದಂತೆ ದೂರ ಸಿಕ್ಕಿಸಿಡಿ. ಬ್ಲೇಡ್ ನೇರವಾಗಿ ಕ್ರ್ಯಾಂಕ್‌ಶಾಫ್ಟಿನ ತುದಿಯಲ್ಲಿಯೇ ಕೂತಿರುತ್ತದೆ. ಯಂತ್ರವನ್ನು ಓರೆ ಮಾಡಿ ಕೆಳಗೆ ಕೈಯಿಟ್ಟಾಗ ಬ್ಲೇಡನ್ನು ಸ್ವಲ್ಪ ತಿರುಗಿಸಿದರೂ ಪಿಸ್ಟನ್ ಚಲಿಸುತ್ತದೆ, ಕಿಡಿ ಹಾರಿದರೆ ಎಂಜಿನ್ ಒಂದು ಕ್ಷಣವಾದರೂ ಹೊತ್ತಿಕೊಳ್ಳಬಹುದು. ಬೆರಳು ಹೋಗಲು ಆ ಒಂದು ಕ್ಷಣ ಸಾಕು.

ಎಣ್ಣೆ ತೆಗೆಯಲು ಮೂರು ದಾರಿಗಳಿವೆ. ಕೆಲವು ಎಂಜಿನ್ನುಗಳಿಗೆ ತಳದಲ್ಲಿ, ಬ್ಲೇಡಿನ ಪಕ್ಕದಲ್ಲಿ, ಡ್ರೈನ್ ಪ್ಲಗ್ ಇರುತ್ತದೆ. ಅದನ್ನು ಬಿಚ್ಚಿದರೆ ಎಣ್ಣೆ ಚೆನ್ನಾಗಿ ಬಸಿಯುತ್ತದೆ ನಿಜ, ಆದರೆ ಕ್ರ್ಯಾಂಕ್‌ಕೇಸ್ ಅಲ್ಯೂಮಿನಿಯಮ್ಮಿನದಾದ್ದರಿಂದ ಮರಳಿ ಬಿಗಿಯುವಾಗ ಬಲ ಹೆಚ್ಚಾದರೆ ಥ್ರೆಡ್ ಕೆಡುತ್ತದೆ. ಕೈಯಿಂದಲೇ ನಾಲ್ಕು ಸುತ್ತು ತಿರುಗಿಸಿ ಸರಿಯಾಗಿ ಕೂತಿದೆಯೆಂದು ಖಚಿತವಾದ ಮೇಲೆಯೇ ಪಾನಾ ಹಾಕಬೇಕು. ಎರಡನೆಯದು, ಅಳತೆಕಡ್ಡಿಯ ಬಾಯಿಂದ ತೆಳುವಾದ ಕೊಳವೆ ಇಳಿಸಿ ಕೈಪಂಪಿನಿಂದಲೋ ದೊಡ್ಡ ಸಿರಿಂಜಿನಿಂದಲೋ ಎಳೆದುಕೊಳ್ಳುವುದು. ಇದು ಅತ್ಯಂತ ಶುಚಿಯಾದ ವಿಧಾನ, ಓರೆ ಮಾಡುವ ಪ್ರಮೇಯವೇ ಇಲ್ಲ. ಮೂಲೆಯಲ್ಲಿ ಸ್ವಲ್ಪ ಗಸಿ ಉಳಿಯುವುದೊಂದೇ ಇದರ ಕೊರತೆ. ಮೂರನೆಯದು ಬಹಳ ಜನ ಅನುಸರಿಸುವ ದಾರಿ, ಯಂತ್ರವನ್ನು ಎಣ್ಣೆ ತುಂಬುವ ಕೊಳವೆಯ ಕಡೆಗೆ ಓರೆ ಮಾಡಿ ಅಲ್ಲಿಂದಲೇ ಬಸಿಯುವುದು.

ಓರೆ ಮಾಡುವ ಬಗೆಗೆ ನೀವು ಕೇಳಿದ ಪ್ರಶ್ನೆ ಸರಿಯಾದದ್ದು. ಸಾಮಾನ್ಯ ನಿಯಮವಾಗಿ ಏರ್ ಫಿಲ್ಟರ್ ಮತ್ತು ಕಾರ್ಬ್ಯುರೇಟರ್ ಇರುವ ಬದಿ ಆಕಾಶ ನೋಡುತ್ತಿರಬೇಕು. ಅವು ಕೆಳಗಾದರೆ ಎಣ್ಣೆ, ಕ್ರ್ಯಾಂಕ್‌ಕೇಸಿನ ಆವಿಯನ್ನು ಹೊರಬಿಡುವ ಬ್ರೀದರ್ ಕೊಳವೆಯ ಮೂಲಕ ಏರ್ ಫಿಲ್ಟರಿಗೆ ಇಳಿದು ಕಾಗದವನ್ನು ತೋಯಿಸಿಬಿಡುತ್ತದೆ. ಹೆಚ್ಚಿನ ಯಂತ್ರಗಳಲ್ಲಿ ಎಣ್ಣೆ ತುಂಬುವ ಬಾಯಿ ಇದರ ಎದುರು ಬದಿಯಲ್ಲಿರುವುದರಿಂದ ಎರಡೂ ಅನುಕೂಲಗಳು ಕೂಡಿಬರುತ್ತವೆ. ನಿಮ್ಮ ಯಂತ್ರದ ರಚನೆ ಬೇರೆಯಾಗಿದ್ದರೆ ಓರೆ ಮಾಡುವುದನ್ನೇ ಬಿಟ್ಟು ಪಂಪಿನ ದಾರಿಯನ್ನು ಹಿಡಿಯಿರಿ. ಏನೇ ಮಾಡಿದರೂ ಅಳತೆಕಡ್ಡಿಯ ಸುತ್ತ ಅಂಟಿದ ಹುಲ್ಲಿನ ಪುಡಿಯನ್ನೂ ಮಣ್ಣನ್ನೂ ಮುಚ್ಚಳ ತೆಗೆಯುವ ಮೊದಲೇ ಒರೆಸಿ. ಫಿಲ್ಟರ್ ಇಲ್ಲದ ಎಂಜಿನ್ನಿಗೆ ನಮ್ಮ ಕೈಯಿಂದಲೇ ಮಣ್ಣು ಹಾಕಿದಂತಾಗಬಾರದು.

ಹೊಸ ಎಣ್ಣೆ ತುಂಬುವಾಗ ಸಹನೆ ಬೇಕು. ಹಳೆಯದು ಎಷ್ಟೇ ಬಸಿದರೂ ಒಳಗೆ ಒಂದಷ್ಟು ಉಳಿದೇ ಇರುತ್ತದೆ, ಆದ್ದರಿಂದ ಕೈಪಿಡಿಯ ಅಳತೆಯನ್ನು ಒಂದೇ ಬಾರಿಗೆ ಸುರಿದರೆ ಮಟ್ಟ ಮೀರಬಹುದು. ಸಮತಟ್ಟಾದ ನೆಲದ ಮೇಲೆ ಯಂತ್ರವನ್ನು ನಿಲ್ಲಿಸಿ ಮುಕ್ಕಾಲು ಪಾಲು ಸುರಿಯಿರಿ, ಎರಡು ನಿಮಿಷ ಕಾಯಿರಿ, ಕಡ್ಡಿಯನ್ನು ಒರೆಸಿ ಅದ್ದಿ ನೋಡಿ, ಬಳಿಕ ಸ್ವಲ್ಪಸ್ವಲ್ಪವೇ ಸೇರಿಸುತ್ತ ಮೇಲಿನ ಗುರುತಿನವರೆಗೆ ತನ್ನಿ. ಇಲ್ಲೊಂದು ಸೂಕ್ಷ್ಮವಿದೆ: ಕೆಲವು ಎಂಜಿನ್ನುಗಳಲ್ಲಿ ಕಡ್ಡಿಯ ಮುಚ್ಚಳವನ್ನು ಪೂರ್ತಿ ತಿರುಗಿಸಿ ಬಿಗಿದ ಮೇಲೆ ಮಟ್ಟ ನೋಡಬೇಕು, ಇನ್ನು ಕೆಲವುಗಳಲ್ಲಿ ತಿರುಗಿಸದೆ ಕೊಳವೆಯ ಅಂಚಿಗೆ ತಾಗಿಸಿಟ್ಟು ನೋಡಬೇಕು. ಎರಡರ ನಡುವಿನ ವ್ಯತ್ಯಾಸ ಕಡ್ಡಿಯ ಎರಡು ಗುರುತುಗಳ ನಡುವಿನ ಅಂತರದಷ್ಟೇ ದೊಡ್ಡದಾಗಿರುವುದುಂಟು. ಕೈಪಿಡಿ ಕಳೆದುಹೋಗಿದ್ದರೆ ಎಂಜಿನ್ನಿನ ಮೇಲೆ ಒತ್ತಿರುವ ಮಾದರಿ ಸಂಖ್ಯೆಯನ್ನು ಬರೆದುಕೊಂಡು ತಯಾರಕರ ಜಾಲತಾಣದಿಂದ ಪ್ರತಿಯನ್ನು ಪಡೆದುಕೊಳ್ಳಿ.

ಕೊನೆಗೆ ಪ್ಲಗ್ಗಿನ ತಂತಿಯನ್ನು ಸಿಕ್ಕಿಸಿ, ಎಂಜಿನ್ನನ್ನು ಎರಡು ನಿಮಿಷ ಓಡಿಸಿ ನಿಲ್ಲಿಸಿ, ತಳದಲ್ಲಿ ಎಲ್ಲಿಯೂ ಸೋರುತ್ತಿಲ್ಲವೆಂದು ನೋಡಿ ಮಟ್ಟವನ್ನು ಮತ್ತೊಮ್ಮೆ ಪರೀಕ್ಷಿಸಿ. ದಿನಾಂಕವನ್ನು ಹಿಡಿಕೆಗೆ ಅಂಟಿಸಿದ ಚೀಟಿಯಲ್ಲಿ ಬರೆದಿಡುವುದು ನನ್ನ ಅಭ್ಯಾಸ. ಗಂಟೆ ಎಣಿಸುವ ಮೀಟರ್ ಈ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ನೆನಪನ್ನು ನಂಬಿದರೆ ಅದು ಯಾವಾಗಲೂ ಗಂಟೆಗಳನ್ನು ಕಡಿಮೆ ಮಾಡಿಯೇ ಹೇಳುತ್ತದೆ.

ಪ್ರಶ್ನೆ: ಅಂಗಡಿಯಲ್ಲಿ ಎಸ್‌ಎಇ 30 ಎಂಬ ಎಣ್ಣೆ ಸಿಗಲಿಲ್ಲ. ಮನೆಯಲ್ಲಿ ಮೋಟಾರ್ ಸೈಕಲ್ಲಿಗೆ ತಂದು ಉಳಿದ 10ಡಬ್ಲ್ಯು-30 ಎಣ್ಣೆ ಇದೆ. ಅದನ್ನು ಹಾಕಿದರೆ ಎಂಜಿನ್ ಹಾಳಾಗುತ್ತದೆಯೇ?

ಉತ್ತರ: ಹಾಳಾಗುವುದಿಲ್ಲ, ಹಾಕಬಹುದು. ಈ ಸಂಖ್ಯೆಗಳು ಎಣ್ಣೆಯ ಮಂದತನವನ್ನು, ಅಂದರೆ ಸ್ನಿಗ್ಧತೆಯನ್ನು, ಹೇಳುತ್ತವೆಯೇ ಹೊರತು ಗುಣಮಟ್ಟವನ್ನಲ್ಲ. ಕೊನೆಯಲ್ಲಿರುವ 30 ಎಂಬುದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಣ್ಣೆ ಎಷ್ಟು ಮಂದವಾಗಿರುತ್ತದೆ ಎಂಬುದರ ಸೂಚನೆ. ಆ ತಾಪದಲ್ಲಿ ಎಸ್‌ಎಇ 30 ಮತ್ತು 10ಡಬ್ಲ್ಯು-30 ಎರಡೂ ಒಂದೇ ವರ್ಗಕ್ಕೆ, 9.3ರಿಂದ 12.5 ಸೆಂಟಿಸ್ಟೋಕ್‌ (ಸ್ನಿಗ್ಧತೆಯ ಅಳತೆ) ವರೆಗಿನ ವ್ಯಾಪ್ತಿಗೆ, ಸೇರುತ್ತವೆ. ಮುಂದಿರುವ 10ಡಬ್ಲ್ಯು ಚಳಿಯಲ್ಲಿ ಅದು ಹೇಗೆ ವರ್ತಿಸುತ್ತದೆಂಬುದನ್ನು ಹೇಳುತ್ತದೆ. ಎಸ್‌ಎಇ 30 ಚಳಿಯಲ್ಲಿ ಮಂದವಾಗಿ ಹಗ್ಗ ಎಳೆಯುವುದೇ ಕಷ್ಟವಾಗುವುದರಿಂದ ಸುಮಾರು 4 ಡಿಗ್ರಿಗಿಂತ ಕೆಳಗಿನ ಹವೆಗೆ ಅದು ಹೊಂದುವುದಿಲ್ಲ. ಬೇಸಿಗೆಯ ಮಾತು ಬೇರೆ. ಹೊರಗಿನ ಹವೆ 27 ಡಿಗ್ರಿಯನ್ನು ದಾಟಿದಾಗ ಗಾಳಿಯಿಂದ ತಣಿಯುವ ಎಂಜಿನ್ನುಗಳಲ್ಲಿ 10ಡಬ್ಲ್ಯು-30 ಎಣ್ಣೆಯ ಖರ್ಚು ಹೆಚ್ಚಾಗುವುದುಂಟು. ಎಂಜಿನ್ನಿಗೆ ಅದರಿಂದ ನೇರ ಹಾನಿಯಿಲ್ಲ, ಆದರೆ ಮಟ್ಟವನ್ನು ಪ್ರತಿ ಬಾರಿಯೂ ನೋಡದವರಿಗೆ ಅಪಾಯವಿದೆ. ಬಿಸಿಲ ಸೀಮೆಯಲ್ಲಿ ಎಸ್‌ಎಇ 30 ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ ಎನ್ನುವುದು ನನ್ನ ಸಲಹೆ.

ಮೋಟಾರ್ ಸೈಕಲ್ಲಿನ ಎಣ್ಣೆಗೂ ಇದಕ್ಕೂ ಇರುವ ವ್ಯತ್ಯಾಸ ಮುಖ್ಯವಾಗಿ ಕ್ಲಚ್ಚಿಗೆ ಸಂಬಂಧಿಸಿದ್ದು. ಎಣ್ಣೆಯಲ್ಲಿಯೇ ಮುಳುಗಿರುವ ಕ್ಲಚ್ ಜಾರದಂತೆ ಆ ಎಣ್ಣೆಯನ್ನು ತಯಾರಿಸಿರುತ್ತಾರೆ. ನಿಮ್ಮ ಯಂತ್ರದಲ್ಲಿ ಅಂತಹ ಕ್ಲಚ್ ಇಲ್ಲವಾದ್ದರಿಂದ ಆ ಗುಣ ಉಪಯೋಗಕ್ಕೂ ಬರುವುದಿಲ್ಲ, ಅಪಾಯವನ್ನೂ ಮಾಡುವುದಿಲ್ಲ. ಆದರೆ 20ಡಬ್ಲ್ಯು-50ರಂತಹ ಮಂದವಾದ ಎಣ್ಣೆಯನ್ನು ಸುರಿಯಬೇಡಿ. ಪಂಪಿಲ್ಲದೆ ಎರಚಿಕೊಳ್ಳುವುದನ್ನೇ ನಂಬಿರುವ ಎಂಜಿನ್ನಿನಲ್ಲಿ, ಚಾಲೂ ಆದ ಮೊದಲ ಕ್ಷಣಗಳಲ್ಲಿ, ಮಂದ ಎಣ್ಣೆ ತಲುಪಬೇಕಾದಲ್ಲಿಗೆ ತಡವಾಗಿ ತಲುಪುತ್ತದೆ. ಡಬ್ಬಿಯ ಮೇಲೆ ಎಪಿಐ (ಎಣ್ಣೆಯ ಗುಣಮಟ್ಟ ಗೊತ್ತುಪಡಿಸುವ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಎಂಬ ಗುರುತಿನ ಮುಂದೆ ಎಸ್‌ಜೆ ಅಥವಾ ಅದಕ್ಕಿಂತ ಈಚಿನ ಎಸ್‌ಎಲ್, ಎಸ್‌ಎಮ್, ಎಸ್‌ಎನ್, ಎಸ್‌ಪಿ ಎಂಬ ಅಕ್ಷರಗಳಿವೆಯೇ ಎಂದು ನೋಡಿ. ಎಸ್ ಎಂಬುದು ಪೆಟ್ರೋಲ್ ಎಂಜಿನ್ನಿನ ಸಾಲನ್ನು ಸೂಚಿಸುತ್ತದೆ. ಮಂದತನವೂ ಈ ಅಕ್ಷರಗಳೂ ಸರಿಯಾಗಿದ್ದರೆ ಡಬ್ಬಿಯ ಮೇಲಿನ ಹೆಸರು ಯಾವುದಾದರೂ ಆಗಬಹುದು.

ಪ್ರಶ್ನೆ: ಎಣ್ಣೆ ಬದಲಿಸಿದ ಮೇಲೆ ಎಂಜಿನ್ ದಟ್ಟವಾದ ಬಿಳಿ ಹೊಗೆ ಉಗುಳಿತು. ಗಾಬರಿಯಿಂದ ನಿಲ್ಲಿಸಿ ಮರುದಿನ ಎಳೆದರೆ ಹಗ್ಗ ಅಲುಗುವುದೇ ಇಲ್ಲ. ಎಂಜಿನ್ ಕಚ್ಚಿಕೊಂಡಿತೇ?

ಉತ್ತರ: ಬಹುಶಃ ಇಲ್ಲ, ಧೈರ್ಯವಾಗಿರಿ. ಮೊದಲಿಗೆ, ಹಿಡಿಕೆಯ ಬಳಿಯ ಬ್ರೇಕ್ ಸರಳನ್ನು ಒತ್ತಿ ಹಿಡಿದೇ ಹಗ್ಗ ಎಳೆದಿರಾ ಎಂಬುದನ್ನು ಖಚಿತಪಡಿಸಿಕೊಳ್ಳಿ. ಅದನ್ನು ಬಿಟ್ಟರೆ ಬ್ಲೇಡ್ ಬ್ರೇಕ್ ಹಿಡಿದಿರುತ್ತದೆ, ಹಗ್ಗ ಬಿಗಿಯಾಗುತ್ತದೆ.

ಸರಳನ್ನು ಹಿಡಿದೂ ಹಗ್ಗ ಬಾರದಿದ್ದರೆ ಸಿಲಿಂಡರಿನ ಒಳಗೆ, ಪಿಸ್ಟನ್ನಿನ ಮೇಲ್ಭಾಗದಲ್ಲಿ, ಎಣ್ಣೆ ಸೇರಿಕೊಂಡಿದೆ ಎಂದು ತಿಳಿಯಬೇಕು. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ಎಣ್ಣೆಯನ್ನು ಕುಗ್ಗಿಸಲಾಗದು. ಪಿಸ್ಟನ್ ಅದಕ್ಕೆ ಒರಗಿ ನಿಂತುಬಿಡುತ್ತದೆ. ಬಲವಂತವಾಗಿ ಎಳೆದರೆ ಹಗ್ಗ ತುಂಡಾಗಬಹುದು, ಕನೆಕ್ಟಿಂಗ್ ರಾಡ್ ಬಾಗಲೂಬಹುದು. ಪ್ಲಗ್ಗಿನ ತಂತಿ ಕಿತ್ತು ದೂರವಿಟ್ಟು, ಪ್ಲಗ್ಗನ್ನೂ ಬಿಚ್ಚಿ, ಆ ತೂತಿನ ಮೇಲೆ ಹಳೆಯ ಬಟ್ಟೆ ಹೊದಿಸಿ, ಮುಖವನ್ನು ದೂರವಿಟ್ಟುಕೊಂಡು ಹಗ್ಗವನ್ನು ನಿಧಾನವಾಗಿ ಐದಾರು ಬಾರಿ ಎಳೆಯಿರಿ. ಸೇರಿದ ಎಣ್ಣೆ ಬಟ್ಟೆಗೆ ಚಿಮ್ಮಿ ಹೊರಬರುತ್ತದೆ. ಪ್ಲಗ್ಗನ್ನು ಒರೆಸಿ ಮರಳಿ ಕೂರಿಸುವ ಮೊದಲು ಏರ್ ಫಿಲ್ಟರನ್ನು ನೋಡಿ: ಕಾಗದದ್ದು ಎಣ್ಣೆಯಲ್ಲಿ ತೊಯ್ದಿದ್ದರೆ ಹೊಸದನ್ನು ಹಾಕಲೇಬೇಕು, ಸ್ಪಂಜಿನದಾದರೆ ಸೋಪಿನ ನೀರಿನಲ್ಲಿ ತೊಳೆದು, ಒಣಗಿಸಿ, ಕೆಲವೇ ಹನಿ ಎಣ್ಣೆ ಸವರಿ ಹಿಂಡಿ ಬಳಸಬಹುದು.

ಇದೆಲ್ಲಕ್ಕೆ ಕಾರಣ ಎರಡರಲ್ಲಿ ಒಂದು. ಯಂತ್ರವನ್ನು ತಪ್ಪು ಬದಿಗೆ ಓರೆ ಮಾಡಿರುತ್ತೀರಿ, ಇಲ್ಲವೇ ಎಣ್ಣೆ ಮೇಲಿನ ಗುರುತನ್ನು ಮೀರಿರುತ್ತದೆ. ಮಟ್ಟ ಮೀರಿದ್ದರೆ ಹೆಚ್ಚಾದುದನ್ನು ಹೊರತೆಗೆಯದೆ ಚಾಲೂ ಮಾಡಬೇಡಿ, ಏಕೆಂದರೆ ತಿರುಗುವ ಭಾಗಗಳು ಮಿತಿಮೀರಿದ ಎಣ್ಣೆಯನ್ನು ಕಡೆದು ನೊರೆಯಾಗಿಸುತ್ತವೆ, ನೊರೆ ಎಣ್ಣೆಯಂತೆ ಲೋಹವನ್ನು ಕಾಪಾಡುವುದಿಲ್ಲ. ಮಟ್ಟ ಸರಿಯಿದ್ದರೆ, ಸೈಲೆನ್ಸರಿನಲ್ಲಿ ಉಳಿದದ್ದು ಉರಿದು ಮುಗಿಯುವವರೆಗೆ ಕೆಲವು ನಿಮಿಷ ಹೊಗೆ ಬರುತ್ತದೆ, ಆಮೇಲೆ ತಾನಾಗಿ ನಿಲ್ಲುತ್ತದೆ.

ಪ್ರಶ್ನೆ: ಅಳತೆಕಡ್ಡಿ ತೆಗೆದು ನೋಡಿದರೆ ಎಣ್ಣೆ ಮಜ್ಜಿಗೆಯ ಬಣ್ಣಕ್ಕೆ ತಿರುಗಿದೆ. ಇದು ಯಾವ ರೋಗದ ಲಕ್ಷಣ?

ಉತ್ತರ: ಎಣ್ಣೆಗೆ ನೀರು ಸೇರಿದ ಲಕ್ಷಣ. ಪೆಟ್ರೋಲ್ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ಅದರ ಒಂದಂಶ ಪಿಸ್ಟನ್ ಉಂಗುರಗಳನ್ನು ದಾಟಿ ಕೆಳಗಿಳಿದು ತಣ್ಣಗಿನ ಗೋಡೆಗಳ ಮೇಲೆ ಹನಿಗಟ್ಟುತ್ತದೆ. ಎಂಜಿನ್ ಅರ್ಧ ಗಂಟೆ ಬಿಸಿಯಾಗಿ ಓಡಿದರೆ ಆ ನೀರು ಆವಿಯಾಗಿ ಹೊರಹೋಗುತ್ತದೆ. ಪ್ರತಿ ಬಾರಿಯೂ ಐದೇ ನಿಮಿಷ ಓಡಿಸಿ ನಿಲ್ಲಿಸುವವರ ಯಂತ್ರದಲ್ಲಿ ಅದು ಒಳಗೇ ಉಳಿದು ಎಣ್ಣೆಯೊಂದಿಗೆ ಕಲಸಿಹೋಗುತ್ತದೆ. ಯಂತ್ರವನ್ನು ಪೈಪಿನ ನೀರಿನಿಂದ ಜೋರಾಗಿ ತೊಳೆದಾಗಲೂ ಹೀಗಾಗುತ್ತದೆ. ಎಣ್ಣೆಯನ್ನು ಈಗಲೇ ಬದಲಿಸಿ.

ಇದರ ಜೊತೆಗೆ ಇನ್ನೊಂದು ಪರೀಕ್ಷೆಯನ್ನು ಎಲ್ಲ ಓದುಗರೂ ಕಲಿತಿರಲಿ ಎಂದು ನಾನು ಬಯಸುತ್ತೇನೆ: ಕಡ್ಡಿಯನ್ನು ಮೂಗಿನ ಬಳಿ ಹಿಡಿದು ಮೂಸಿ. ಪೆಟ್ರೋಲ್ ವಾಸನೆ ಗಾಢವಾಗಿದ್ದು, ನೀವು ಸೇರಿಸದೆಯೇ ಎಣ್ಣೆಯ ಮಟ್ಟ ಏರಿದ್ದರೆ, ಕಾರ್ಬ್ಯುರೇಟರಿಗೆ ಬರುವ ಪೆಟ್ರೋಲನ್ನು ತಡೆಯುವ ಫ್ಲೋಟ್ ಸೂಜಿ ಸರಿಯಾಗಿ ಮುಚ್ಚಿಕೊಳ್ಳದೆ ಪೆಟ್ರೋಲ್ ಕೆಳಗೆ ಇಳಿಯುತ್ತಿದೆ ಎಂದು ಅರ್ಥ. ಪೆಟ್ರೋಲ್ ಬೆರೆತ ಎಣ್ಣೆ ನೀರಿನಂತೆ ತೆಳುವಾಗಿ ಬೇರಿಂಗುಗಳನ್ನು ಕಾಯುವುದಿಲ್ಲ. ಸೂಜಿಯನ್ನು ದುರಸ್ತಿ ಮಾಡಿಸುವವರೆಗೆ ಎಂಜಿನ್ ಚಾಲೂ ಮಾಡಬಾರದು. ಟ್ಯಾಂಕಿನ ಕೆಳಗೆ ಪೆಟ್ರೋಲ್ ಕಾಕ್ ಇರುವ ಯಂತ್ರಗಳಲ್ಲಿ ಕೆಲಸ ಮುಗಿದ ಕೂಡಲೇ ಅದನ್ನು ಮುಚ್ಚಿಡಿ.

ಎಣ್ಣೆ ಕಪ್ಪಾಗಿದೆ ಎಂದು ಬರೆದವರೂ ಇದ್ದಾರೆ. ಮಸಿಯನ್ನು ತನ್ನಲ್ಲಿ ತೇಲಿಸಿ ಹಿಡಿದುಕೊಳ್ಳುವುದು ಒಳ್ಳೆಯ ಎಣ್ಣೆಯ ಕೆಲಸವೇ ಆದ್ದರಿಂದ ಬಣ್ಣವೊಂದನ್ನೇ ನೋಡಿ ಹೆದರಬೇಕಾಗಿಲ್ಲ, ಗಂಟೆಗಳ ಲೆಕ್ಕವನ್ನು ನೋಡಿ.

ಪ್ರಶ್ನೆ: ನಮ್ಮ ಯಂತ್ರದಲ್ಲಿ ಎಷ್ಟು ಹುಡುಕಿದರೂ ಅಳತೆಕಡ್ಡಿಯೂ ಸಿಗುತ್ತಿಲ್ಲ, ಡ್ರೈನ್ ಪ್ಲಗ್ಗೂ ಸಿಗುತ್ತಿಲ್ಲ.

ಉತ್ತರ: ಅದು ಟೂ-ಸ್ಟ್ರೋಕ್ ಎಂಜಿನ್ ಆಗಿರಬೇಕು. ಅದರಲ್ಲಿ ಎಣ್ಣೆಯ ಸಂಗ್ರಹವೇ ಇರುವುದಿಲ್ಲ, ಪೆಟ್ರೋಲಿಗೇ ಟೂ-ಸ್ಟ್ರೋಕ್ ಆಯಿಲ್ ಬೆರೆಸಿ ಹಾಕಬೇಕು. ತಯಾರಕರು 50ಕ್ಕೆ 1 ಎಂದಿದ್ದರೆ ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್, 25ಕ್ಕೆ 1 ಎಂದಿದ್ದರೆ 40 ಮಿಲಿಲೀಟರ್. ಬರಿಯ ಪೆಟ್ರೋಲ್ ಹಾಕಿ ಓಡಿಸಿದರೆ ಕೆಲವೇ ನಿಮಿಷಗಳಲ್ಲಿ ಪಿಸ್ಟನ್ ಕಚ್ಚಿಕೊಳ್ಳಬಹುದು.

ಪ್ರಶ್ನೆ: ಹೊಸದಾಗಿ ಕೊಂಡ ಯಂತ್ರದ ಮೇಲೆ ಎಣ್ಣೆ ಬದಲಿಸುವ ಅಗತ್ಯವಿಲ್ಲ, ನೋಡಿ ಸೇರಿಸಿದರೆ ಸಾಕು ಎಂದು ಬರೆದಿದೆ. ಇದನ್ನು ನಂಬಬಹುದೇ?

ಉತ್ತರ: ಅಂತಹ ಎಂಜಿನ್ನುಗಳು ಮಾರುಕಟ್ಟೆಯಲ್ಲಿವೆ, ತಯಾರಕರು ಹಾಗೆ ಹೇಳುವುದೂ ನಿಜ, ಬದಲಿಸದಿದ್ದ ಮಾತ್ರಕ್ಕೆ ನೀವು ತಪ್ಪು ಮಾಡಿದಂತಾಗುವುದಿಲ್ಲ. ಆದರೂ ನನ್ನ ಕೈಯಲ್ಲಿದ್ದರೆ ನಾನು ಬದಲಿಸುತ್ತೇನೆ. ಅರ್ಧ ಲೀಟರ್ ಎಣ್ಣೆಗೆ ತಗಲುವ ವೆಚ್ಚ ಎಂಜಿನ್ನಿನ ಬೆಲೆಯ ಮುಂದೆ ತೀರ ಅಲ್ಪವಾದದ್ದು. ‘ನೋಡಿ ಸೇರಿಸುವುದು’ ಎಂಬ ಮಾತಿನಲ್ಲಿ ಜನ ‘ನೋಡುವುದನ್ನೇ’ ಮರೆಯುತ್ತಾರೆಂಬುದು ನನ್ನ ನಿಜವಾದ ಚಿಂತೆ. ಹಲವು ವರ್ಷಗಳ ಹಿಂದೆ ನನ್ನ ಮೊದಲ ಯಂತ್ರವನ್ನು ನಾನು ಕಳೆದುಕೊಂಡದ್ದು ಹಳೆಯ ಎಣ್ಣೆಯಿಂದಲ್ಲ, ಕಡಿಮೆ ಎಣ್ಣೆಯಿಂದ. ಎಣ್ಣೆ ಬದಲಿಸಿ ಎರಡು ತಿಂಗಳೂ ಆಗಿರಲಿಲ್ಲ, ಕಡ್ಡಿ ತೆಗೆದು ನೋಡುವ ಅಗತ್ಯ ಕಾಣಲಿಲ್ಲ. ಇಳಿಜಾರಿನಲ್ಲಿ ಉದ್ದವಾದ ಹುಲ್ಲನ್ನು ಕತ್ತರಿಸುತ್ತಿದ್ದಾಗ ಒಳಗೆ ಸುತ್ತಿಗೆಯಿಂದ ಬಡಿದಂತೆ ಸದ್ದಾಯಿತು, ಮರುಕ್ಷಣ ಎಂಜಿನ್ ನಿಂತಿತು. ಬಿಚ್ಚಿದಾಗ ಕನೆಕ್ಟಿಂಗ್ ರಾಡ್ ಎರಡು ತುಂಡಾಗಿತ್ತು, ಕ್ರ್ಯಾಂಕ್‌ಕೇಸಿನ ತಳದಲ್ಲಿ ಕೈಯಳತೆಯ ಎಣ್ಣೆಯೂ ಉಳಿದಿರಲಿಲ್ಲ. ಇಳಿಜಾರಿನಲ್ಲಿ ಎಣ್ಣೆ ಒಂದು ಬದಿಗೆ ಸರಿದು, ಇದ್ದ ಸ್ವಲ್ಪವೂ ಎರಚುವ ಚಕ್ರಕ್ಕೆ ಎಟುಕದೆ ಹೋಗಿತ್ತು. ಅಂದಿನಿಂದ ಹಗ್ಗಕ್ಕೆ ಕೈ ಹಾಕುವ ಮೊದಲು ಪ್ರತಿ ಬಾರಿಯೂ ಕಡ್ಡಿಯನ್ನು ನೋಡುತ್ತೇನೆ.

ಪ್ರಶ್ನೆ: ಹಳೆಯ ಎಣ್ಣೆಯನ್ನು ಬೇಲಿಯ ಬುಡಕ್ಕೆ ಸುರಿದರೆ ಕಳೆ ಸಾಯುತ್ತದೆ ಎನ್ನುತ್ತಾರೆ. ಅರ್ಧ ಲೀಟರಿನಿಂದ ಏನಾದೀತು?

ಉತ್ತರ: ಕಳೆ ಸಾಯುತ್ತದೆ, ಆದರೆ ಅಲ್ಲಿಗೇ ನಿಲ್ಲುವುದಿಲ್ಲ. ಬಳಸಿದ ಎಣ್ಣೆಯಲ್ಲಿ ಲೋಹದ ಕಣಗಳೂ ಉರಿತದಿಂದ ಹುಟ್ಟಿದ ವಿಷವಸ್ತುಗಳೂ ಸೇರಿರುತ್ತವೆ. ಅವು ಮಣ್ಣಿನಲ್ಲಿ ಬಹುಕಾಲ ಉಳಿಯುತ್ತವೆ, ಮಳೆಯ ಜೊತೆ ಅಂತರ್ಜಲಕ್ಕೂ ಇಳಿಯುತ್ತವೆ. ಕಾರಿಗೆ ಒಂದು ಬಾರಿ ಎಣ್ಣೆ ಬದಲಿಸಿದಾಗ ಹೊರಬರುವಷ್ಟು ಎಣ್ಣೆ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ. ನಿಮ್ಮ ಅರ್ಧ ಲೀಟರ್ ಅದರ ಎಂಟನೆಯ ಒಂದು ಪಾಲು ಎಂದಿಟ್ಟುಕೊಂಡರೂ ಅದು ಚಿಕ್ಕ ಸಂಖ್ಯೆಯಲ್ಲ. ಬಳಸಿದ ಎಣ್ಣೆಯನ್ನು ಪದೇ ಪದೇ ಸವರಿದ ಪ್ರಯೋಗಾಲಯದ ಇಲಿಗಳಿಗೆ ಚರ್ಮದ ಕ್ಯಾನ್ಸರ್ ಬಂದಿರುವುದೂ ದಾಖಲಾಗಿದೆ, ಕೈಗವಸು ಹಾಕಿಕೊಳ್ಳಿ ಎಂದು ಮೇಲೆ ಬರೆದದ್ದು ಈ ಕಾರಣಕ್ಕೇ.

ಬಿಗಿಯಾದ ಮುಚ್ಚಳವುಳ್ಳ ಡಬ್ಬಿಯಲ್ಲಿ, ಹೊಸ ಎಣ್ಣೆ ಬಂದ ಡಬ್ಬಿಯೇ ಆದರೂ ಸರಿ, ತುಂಬಿಸಿ, ‘ಹಳೆಯ ಎಂಜಿನ್ ಆಯಿಲ್’ ಎಂದು ಬರೆದು, ಮಕ್ಕಳ ಕೈಗೆ ಸಿಗದಂತೆ ಇಡಿ. ವಾಹನಗಳಿಗೆ ಎಣ್ಣೆ ಬದಲಿಸುವ ಗ್ಯಾರೇಜುಗಳು ತಮ್ಮ ಹಳೆಯ ಎಣ್ಣೆಯನ್ನು ಶುದ್ಧೀಕರಣಕ್ಕೆ ಕೊಡುವುದುಂಟು. ಅಲ್ಲಿ ಕೇಳಿ ನಿಮ್ಮದನ್ನೂ ಒಪ್ಪಿಸಿ. ಅದಕ್ಕೆ ಪೆಟ್ರೋಲನ್ನಾಗಲಿ ನೀರನ್ನಾಗಲಿ ಬೆರೆಸಬೇಡಿ, ಬೆರೆಸಿದ ಎಣ್ಣೆಯನ್ನು ಅವರು ತೆಗೆದುಕೊಳ್ಳಲಾರರು.

ಪ್ರಶ್ನೆ: ಕೆಲವು ತಿಂಗಳು ಯಂತ್ರವನ್ನು ಬಳಸದೆ ಇಡುತ್ತೇವೆ. ಎಣ್ಣೆಯನ್ನು ಇಡುವ ಮೊದಲು ಬದಲಿಸಬೇಕೇ, ಮತ್ತೆ ತೆಗೆಯುವಾಗ ಬದಲಿಸಬೇಕೇ?

ಉತ್ತರ: ಇಡುವ ಮೊದಲು. ಬಳಸಿದ ಎಣ್ಣೆಯಲ್ಲಿ ಉರಿತದಿಂದ ಬಂದ ಆಮ್ಲಗಳೂ ತೇವವೂ ಇರುತ್ತವೆ. ತಿಂಗಳುಗಟ್ಟಲೆ ಅಲುಗಾಡದೆ ನಿಂತಾಗ ಅವು ಬೇರಿಂಗುಗಳ ಮೇಲ್ಮೈಯನ್ನು ತಿನ್ನುತ್ತವೆ. ಹೊಸ ಎಣ್ಣೆ ಹಾಕಿ ಎರಡು ನಿಮಿಷ ಓಡಿಸಿ ಒಳಗೆಲ್ಲ ಹರಡುವಂತೆ ಮಾಡಿ ಇಟ್ಟರೆ, ಮತ್ತೆ ಹೊರತೆಗೆದ ದಿನ ಮಟ್ಟವನ್ನು ನೋಡಿ ನೇರವಾಗಿ ಕೆಲಸಕ್ಕೆ ಹಚ್ಚಬಹುದು.